ಕಾರ್ಖಾನೆಯ ಆವರಣದಲ್ಲಿ ಸೈಕಲ್: ಸುರಕ್ಷಿತ ಬಳಕೆಯ ಕ್ರಮಗಳು

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಿಂದ ಸಿಂಧನೂರಿನ ಅಕ್ಕಿ ಗಿರಣಿಗಳವರೆಗೆ, ನಮ್ಮ ಭಾಗದ ಉದ್ಯಮಗಳ ಆವರಣಗಳು ವಿಶಾಲವಾದವು. ಉಗ್ರಾಣದಿಂದ ತೂಕದ ಕಟ್ಟೆಗೆ, ಅಲ್ಲಿಂದ ಕಚೇರಿಗೆ ಓಡಾಡಲು ಸೈಕಲ್ ಅಗ್ಗವಾದ ಹಾಗೂ ಅನುಕೂಲಕರ ಸಾಧನ. ಆದರೆ ಲಾರಿ, ಟ್ರ್ಯಾಕ್ಟರುಗಳು ಸಂಚರಿಸುವ ಜಾಗದಲ್ಲಿ ಅದನ್ನು ನಿಯಮವಿಲ್ಲದೆ ಬಳಸುವುದು ಅಪಾಯಕರ.

ಅಪಾಯದ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು ನೆಲ. ಚೆಲ್ಲಿದ ಭತ್ತದ ಕಾಳುಗಳು ಚಕ್ರದಡಿ ಗುಂಡುಗಳಂತೆ ಉರುಳಿ ಸೈಕಲನ್ನು ಜಾರಿಸುತ್ತವೆ. ಎರಡನೆಯದು ಹಿಂದಕ್ಕೆ ಚಲಿಸುವ ಲಾರಿ. ಅದರ ಹಿಂಬದಿಯ ಸವಾರ ಚಾಲಕನ ಕನ್ನಡಿಯಲ್ಲಿ ಕಾಣುವುದಿಲ್ಲ. ಮೂರನೆಯದು ವೇಗ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು ಕ್ರಮಿಸುತ್ತದೆ. ಗೋದಾಮಿನ ಮೂಲೆಯಲ್ಲಿ ವಾಹನವೊಂದು ಎದುರಾದರೆ, ಸವಾರ ಬ್ರೇಕ್ ಹಿಡಿಯುವ ಮೊದಲೇ ಆ ಅಂತರ ಮುಗಿದಿರುತ್ತದೆ.

ಆದ್ದರಿಂದ ಮಾಲೀಕರು ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಸೈಕಲ್ ದಾರಿಯನ್ನು ಬಿಳಿ ಪಟ್ಟಿಯಿಂದ ಗುರುತಿಸಿ, ಪ್ರತಿ ಪಾಳಿಯಲ್ಲಿ ಗುಡಿಸಿಸಬೇಕು.
2. ಸರಕು ಇಳಿಸುವ ಸ್ಥಳದಲ್ಲಿ ಹಾಗೂ ಮೂಲೆಗಳಲ್ಲಿ ಸವಾರರು ಇಳಿದು, ಸೈಕಲನ್ನು ತಳ್ಳಿಕೊಂಡೇ ಸಾಗಬೇಕು.
3. ಸಂಸ್ಥೆಯ ಸೈಕಲುಗಳಿಗೆ ಸಂಖ್ಯೆ ಬರೆಯಿಸಿ, ಬ್ರೇಕ್, ಟೈರ್, ಗಂಟೆ ಹಾಗೂ ಚೈನ್ ಕವರುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಲು ಒಬ್ಬರನ್ನು ನೇಮಿಸಬೇಕು. ಚೈನ್ ಕವರ್ ಇಲ್ಲದಿದ್ದರೆ ಪಂಚೆ, ಸೀರೆಗಳ ಅಂಚು ಸಿಲುಕುತ್ತದೆ.
4. ಹ್ಯಾಂಡಲಿಗೆ ಚೀಲ ತೂಗುಹಾಕುವುದನ್ನೂ, ಕಬ್ಬಿಣದ ಸಲಾಕೆಗಳನ್ನು ಅಡ್ಡಲಾಗಿ ಒಯ್ಯುವುದನ್ನೂ ನಿಷೇಧಿಸಬೇಕು.
5. ರಾತ್ರಿ ಪಾಳಿಯವರ ಸೈಕಲುಗಳಿಗೆ ಮುಂದೆ ದೀಪ, ಹಿಂದೆ ಕೆಂಪು ಪ್ರತಿಫಲಕ ಇರಬೇಕು.

ಗೇಟಿನ ಹೊರಗಿನ ದಾರಿಯನ್ನೂ ಮಾಲೀಕರು ಕಡೆಗಣಿಸುವಂತಿಲ್ಲ. ಕೆಲಸದ ವೇಳೆಯ ಅಪಘಾತಕ್ಕೆ ಪರಿಹಾರ ನೀಡುವ ಹೊಣೆ 1923ರ ಕಾಯಿದೆಯ ಕಾಲದಿಂದಲೂ ಮಾಲೀಕರ ಮೇಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಮನೆಯಿಂದ ಕೆಲಸಕ್ಕೆ ಬರುವಾಗ ಅಥವಾ ಮರಳುವಾಗ ಸಂಭವಿಸುವ ಅಪಘಾತವನ್ನೂ, ಅದರ ಸಮಯ, ಸ್ಥಳ, ಸಂದರ್ಭಗಳಿಗೆ ಉದ್ಯೋಗದೊಡನೆ ಸಂಬಂಧ ಸಾಬೀತಾದಲ್ಲಿ, ಉದ್ಯೋಗದ ಅಪಘಾತವೆಂದೇ ಪರಿಗಣಿಸಲಾಗುತ್ತದೆ. ಆದ ಕಾರಣ ಪಾಳಿ ಬಿಡುವ ವೇಳೆಯಲ್ಲಿ ಲಾರಿಗಳನ್ನು ಸ್ವಲ್ಪ ಹೊತ್ತು ಗೇಟಿನಲ್ಲಿ ತಡೆದು, ಸೈಕಲ್ ಸವಾರರನ್ನು ಮೊದಲು ಕಳುಹಿಸುವುದು ಒಳಿತು.

ಒಂದು ಜೊತೆ ಬ್ರೇಕ್ ರಬ್ಬರಿನ ಬೆಲೆ ಅತ್ಯಲ್ಪ. ದುಡಿಯುವ ಕೈ ಮುರಿದರೆ ಕಾರ್ಮಿಕನ ಮನೆಗೂ ಉದ್ಯಮಕ್ಕೂ ಆಗುವ ನಷ್ಟವಾದರೋ ಬಹು ದೊಡ್ಡದು. ಸದಸ್ಯರು ಭತ್ತದ ಹಂಗಾಮು ಆರಂಭವಾಗುವ ಮುನ್ನವೇ ತಮ್ಮ ಆವರಣಗಳನ್ನು ಒಮ್ಮೆ ಪರಿಶೀಲಿಸುವುದು ಅಪೇಕ್ಷಣೀಯ.