ಪಂಪು ಕೆಟ್ಟಿದೆಯೋ, ತಂತಿ ಕೆಟ್ಟಿದೆಯೋ? – ಮೋಟಾರ್ ಸೈಕಲ್ ದುರಸ್ತಿಯ ಲಾಭ-ನಷ್ಟ

ಬೆಳಗ್ಗೆ ಅಂಗಡಿಯ ಬಾಗಿಲು ತೆರೆದು, ಸರಕು ತಲುಪಿಸಲು ಅಥವಾ ಬಾಕಿ ವಸೂಲಿಗೆ ಹೊರಡಬೇಕಾದ ಮೋಟಾರ್ ಸೈಕಲ್ ಚಾಲೂ ಆಗದಿದ್ದರೆ, ಆ ದಿನದ ವ್ಯವಹಾರಕ್ಕೆ ಆಗುವ ನಷ್ಟವು ದುರಸ್ತಿಯ ಬಿಲ್ಲಿಗಿಂತ ದೊಡ್ಡದಾಗಿರುವುದುಂಟು. ಗ್ಯಾರೇಜು ಮಾಲೀಕರಿಗೂ ಬಿಡಿಭಾಗಗಳ ವರ್ತಕರಿಗೂ ಇದೇ ವಾಹನ ಜೀವನಾಧಾರ. ದೋಷವನ್ನು ಸರಿಯಾಗಿ ಗುರುತಿಸದೆ ಬಿಡಿಭಾಗ ಬದಲಿಸುವ ಅಭ್ಯಾಸದಿಂದ ಈ ಇಬ್ಬರೂ ನಷ್ಟ ಅನುಭವಿಸುತ್ತಾರೆ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಪೆಟ್ರೋಲು ಟ್ಯಾಂಕಿನಿಂದ ತನ್ನ ಭಾರದಿಂದಲೇ ಕೆಳಗಿಳಿಯುತ್ತಿತ್ತು. ಸ್ಕ್ರೂ ಡ್ರೈವರ್ ಮತ್ತು ಅನುಭವಿ ಮೆಕ್ಯಾನಿಕ್‌ನ ಕಿವಿ ಇದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಮಾರುಕಟ್ಟೆಗೆ ಬಂದಾಗ ಫ್ಯೂಯಲ್ ಇಂಜೆಕ್ಷನ್ ಒಂದು ಅಪರೂಪದ ವಸ್ತುವಾಗಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡವು ದೇಶದಾದ್ಯಂತ ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್‌ಗಳ ಬಹುಪಾಲಿಗೆ ಅದೇ ವ್ಯವಸ್ಥೆಯಾಯಿತು. ಟ್ಯಾಂಕಿನೊಳಗೆ ಕುಳಿತ ವಿದ್ಯುತ್ ಪಂಪು ಪೆಟ್ರೋಲನ್ನು ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡದಲ್ಲಿ ಇಂಜೆಕ್ಟರ್‌ಗೆ ತಲುಪಿಸುತ್ತದೆ. ಅರ್ಥಾತ್, ಇಂದಿನ ವಾಹನದಲ್ಲಿ ಸರಿಯಾದ ವಿದ್ಯುತ್ತಿಲ್ಲದೆ ಪೆಟ್ರೋಲೂ ಇಲ್ಲ.

ಗೊಂದಲ ಉಂಟಾಗುವುದು ಇಲ್ಲಿಯೇ. ಬ್ಯಾಟರಿ ದುರ್ಬಲವಾದರೂ, ರಿಲೇ ಕೈಕೊಟ್ಟರೂ, ಅರ್ಥ್ ತಂತಿಯ ತುದಿ ತುಕ್ಕು ಹಿಡಿದರೂ ಹೊರಗೆ ಕಾಣುವ ಲಕ್ಷಣ ಒಂದೇ: ಪೆಟ್ರೋಲು ಬರುತ್ತಿಲ್ಲ. "ಪಂಪು ಹೋಗಿದೆ" ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕೆಡದ ಪಂಪು ಬದಲಾಗುತ್ತದೆ. ಕೆಟ್ಟ ತಂತಿ ಹಾಗೆಯೇ ಉಳಿಯುತ್ತದೆ.

ಪರೀಕ್ಷೆಯ ಕ್ರಮ

ಮೊದಲನೆಯದು ಬ್ಯಾಟರಿ. ವಿಶ್ರಾಂತಿಯಲ್ಲಿರುವ ಸುಸ್ಥಿತಿಯ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಅದು 10 ವೋಲ್ಟ್‌ಗಿಂತ ಬಹಳ ಕೆಳಗಿಳಿದರೆ, ಮುಂದಿನ ಪರೀಕ್ಷೆಗೆ ಮುನ್ನ ಬ್ಯಾಟರಿಯನ್ನೂ ಅದರ ಟರ್ಮಿನಲ್‌ಗಳನ್ನೂ ಸರಿಪಡಿಸಬೇಕು. ಎಂಜಿನ್ ವೇಗ ಹೆಚ್ಚಿಸಿದಾಗ ಚಾರ್ಜಿಂಗ್ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್‌ನ ನಡುವೆ ಇರಬೇಕು. ಇಲ್ಲದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದು ಕೆಲದಿನಗಳಲ್ಲೇ ಸೋಲುತ್ತದೆ.

ಎರಡನೆಯದು ಶಬ್ದ. ಕೀಲಿ ತಿರುಗಿಸಿದೊಡನೆ ಬಹುತೇಕ ವಾಹನಗಳಲ್ಲಿ ಪಂಪು ಎರಡು-ಮೂರು ಸೆಕೆಂಡು ಗುಂಯ್‌ಗುಟ್ಟಿ ನಿಲ್ಲುತ್ತದೆ. ಶಬ್ದವೇ ಇಲ್ಲವೆಂದರೆ ಕಿಲ್ ಸ್ವಿಚ್, ಫ್ಯೂಸ್, ರಿಲೇಗಳನ್ನು ನೋಡಬೇಕು. ವಾಹನ ಉರುಳಿಬಿದ್ದಾಗ ಪಂಪನ್ನು ನಿಲ್ಲಿಸುವ ಸೆನ್ಸರ್ ಇರುವುದನ್ನೂ ಮರೆಯಬಾರದು. ಅನೇಕ ಮಾದರಿಗಳಲ್ಲಿ ಮೀಟರ್ ಫಲಕದ ಎಂಜಿನ್ ಎಚ್ಚರಿಕೆ ದೀಪವು ಮಿನುಗುವ ಲೆಕ್ಕದಲ್ಲೇ ದೋಷದ ಸಂಕೇತವಿರುತ್ತದೆ.

ಮೂರನೆಯದು ಪಂಪಿನ ಕಪ್ಲರ್. ಹೆಚ್ಚಿನ ತಪ್ಪು ನಡೆಯುವುದು ಇಲ್ಲಿ. ಕಪ್ಲರ್ ಬಿಚ್ಚಿ ಅಳೆದರೆ ತುಕ್ಕು ಹಿಡಿದ ತಂತಿಯೂ 12 ವೋಲ್ಟ್ ತೋರಿಸುತ್ತದೆ. ಪಂಪು ಜೋಡಣೆಯಲ್ಲಿದ್ದು ಕರೆಂಟ್ ಎಳೆಯುತ್ತಿರುವಾಗಲೇ, ಕೀಲಿ ತಿರುಗಿಸಿದ ಆ ಎರಡು-ಮೂರು ಸೆಕೆಂಡಿನಲ್ಲಿ, ಕಪ್ಲರ್‌ನ ಹಿಂಬದಿಯಿಂದ ಅಳೆಯಬೇಕು. ಅಲ್ಲಿ ಬ್ಯಾಟರಿಗಿಂತ ಒಂದೆರಡು ವೋಲ್ಟ್ ಕಡಿಮೆಯಿದ್ದರೆ ದೋಷ ಪಂಪಿನದಲ್ಲ. ತಂತಿ, ರಿಲೇ ಅಥವಾ ಅರ್ಥ್‌ನದು. ಪೂರ್ಣ ವೋಲ್ಟೇಜು ಇದ್ದೂ ಪಂಪು ತಿರುಗದಿದ್ದರೆ ಮಾತ್ರ ಪಂಪನ್ನು ದೂರಬಹುದು.

ನಾಲ್ಕನೆಯದು ಒತ್ತಡ. ಪಂಪು ತಿರುಗುತ್ತಿದ್ದೂ ಗೇಜಿನಲ್ಲಿ ಒತ್ತಡ ಕಡಿಮೆಯಿದ್ದರೆ ಫಿಲ್ಟರ್ ಕಟ್ಟಿರುವುದು, ರೆಗ್ಯುಲೇಟರ್ ಸೋರುವುದು ಅಥವಾ ಟ್ಯಾಂಕಿನ ತಳದಲ್ಲಿ ನೀರು ಸೇರಿರುವುದು ಕಾರಣವಿರಬಹುದು. ಎಥನಾಲ್ ಮಿಶ್ರಿತ ಪೆಟ್ರೋಲು ತೇವಾಂಶವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಎಥನಾಲಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪಂಪು ಪೆಟ್ರೋಲು ಎಳೆದುಕೊಳ್ಳುವುದೂ ಅಲ್ಲಿಂದಲೇ. ಆದುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕನ್ನು ಮೊದಲು ಖಾಲಿ ಮಾಡಿ ನೋಡುವುದು ಲೇಸು. ಒತ್ತಡದ ನಿಖರ ಅಂಕಿಯನ್ನು ಆಯಾ ಮಾದರಿಯ ಸೇವಾ ಕೈಪಿಡಿಯಿಂದಲೇ ಪಡೆಯಬೇಕು. ಪೆಟ್ರೋಲ್ ಕೊಳವೆ ಬಿಚ್ಚುವ ಮುನ್ನ ಒತ್ತಡ ಇಳಿಸುವುದು, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡುವುದು, ಬೆಂಕಿ-ಕಿಡಿಗಳನ್ನು ದೂರವಿಡುವುದು ಕಡ್ಡಾಯ.

ಲೆಕ್ಕದ ಪುಸ್ತಕದಲ್ಲಿ

ಉದಾಹರಣೆಗೆ ಪಂಪಿನ ಬೆಲೆ 3,000 ರೂ. ಎಂದಿಟ್ಟುಕೊಳ್ಳೋಣ. ದ್ವಿಚಕ್ರ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ತೆರಿಗೆ 540 ರೂ. ಸೇರಿ 3,540 ರೂ. ಆಗುತ್ತದೆ. ಪಂಪು ಜೋಡಿಸಿದ ಮೇಲೂ ವಾಹನ ಚಾಲೂ ಆಗಲಿಲ್ಲ. ಕೊನೆಗೆ ಕೆಟ್ಟಿದ್ದು ಕೆಲವು ನೂರು ರೂಪಾಯಿಯ ರಿಲೇ ಎಂದು ತಿಳಿಯಿತು. ಗ್ರಾಹಕ ಪಂಪಿನ ಹಣ ಕೊಡಲು ಒಪ್ಪುವುದಿಲ್ಲ. ಒಮ್ಮೆ ಜೋಡಿಸಿದ ವಿದ್ಯುತ್ ಭಾಗವನ್ನು ವರ್ತಕ ಹಿಂದಕ್ಕೆ ಪಡೆಯುವುದಿಲ್ಲ. ಅದು ಮಾರಾಟವಾಗದೆ ಉಳಿದು, ಕೊನೆಗೆ ಪುಸ್ತಕದಿಂದ ರದ್ದುಗೊಳಿಸಿದರೆ, 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂತಿರುಗಿಸಬೇಕಾಗುತ್ತದೆ. ಹೀಗೆ ನಷ್ಟವು 3,000ದಲ್ಲಿ ನಿಲ್ಲದೆ 3,540 ಆಗುತ್ತದೆ. ವ್ಯರ್ಥವಾದ ಕೂಲಿ, ಕಳೆದುಹೋದ ಗ್ರಾಹಕ ಬೇರೆ. ಇದನ್ನು ತಪ್ಪಿಸುವ ಡಿಜಿಟಲ್ ಮಲ್ಟಿಮೀಟರ್ ಒಂದು ಪಂಪಿಗಿಂತ ಕಡಿಮೆ ಬೆಲೆಗೆ ದೊರೆಯುತ್ತದೆ.

ಪಾಲಿಸಬಹುದಾದ ಪದ್ಧತಿ

ಗ್ಯಾರೇಜುಗಳು ಯಾವುದೇ ಭಾಗ ಬಿಚ್ಚುವ ಮುನ್ನ ಬ್ಯಾಟರಿ ವೋಲ್ಟೇಜು, ಕಪ್ಲರ್ ವೋಲ್ಟೇಜು, ಒತ್ತಡ ಎಂಬ ಮೂರು ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆದು, ಪರೀಕ್ಷೆಗೆ ಪ್ರತ್ಯೇಕ ಶುಲ್ಕವನ್ನು ಮೊದಲೇ ತಿಳಿಸಬೇಕು. ಪರೀಕ್ಷೆಗೂ ಬೆಲೆಯಿದೆ ಎಂಬುದು ಗ್ರಾಹಕನಿಗೆ ಮನವರಿಕೆಯಾದರೆ ಊಹೆಯ ಮೇಲೆ ಭಾಗ ಮಾರುವ ಒತ್ತಡ ಇಳಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಿರಲಿ, ತಾಲ್ಲೂಕು ಕೇಂದ್ರದ ಒಂಟಿ ಅಂಗಡಿಯಿರಲಿ, ವರ್ತಕರು ಪಂಪು ಕೊಡುವ ಮೊದಲು ಈ ಮೂರು ಅಂಕಿಗಳನ್ನು ಕೇಳಬಹುದು. ವಾಹನದ ಮಾದರಿ, ವರ್ಷ ಮತ್ತು ವಾರಂಟಿಯ ಷರತ್ತುಗಳನ್ನು ಬಿಲ್ಲಿನ ಮೇಲೆಯೇ ನಮೂದಿಸಿದರೆ ಮುಂದಿನ ತಕರಾರು ತಪ್ಪುತ್ತದೆ. ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆದಾರರು ಪೆಟ್ಟಿಗೆಯೊಳಗೆ ಅರ್ಧ ಪುಟದ ಕನ್ನಡ ಪರೀಕ್ಷಾ ಸೂಚನೆ ಇಟ್ಟರೆ, ದೋಷವಿಲ್ಲದೆಯೂ ಹಿಂದಿರುಗಿ ಬರುವ ಸರಕು ಕಡಿಮೆಯಾಗಬಲ್ಲದು.

ರಸೀದಿಯಿಲ್ಲದ ಖರ್ಚನ್ನು ಪುಸ್ತಕಕ್ಕೆ ಸೇರಿಸಲು ಒಪ್ಪದ ವ್ಯಾಪಾರಸ್ಥರು, ಅಳತೆಯಿಲ್ಲದ ದುರಸ್ತಿಯನ್ನೂ ಒಪ್ಪಬೇಕಾಗಿಲ್ಲ.