ಎಣ್ಣೆ ತಿನ್ನುವ ಮಣ್ಣಿನ ಜೀವಿಗಳು

2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಬಳಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ-3 ಹಡಗುಗಳು ಡಿಕ್ಕಿ ಹೊಡೆದವು. ಚಿತ್ರಾದಿಂದ ಸೋರಿದ ನೂರಾರು ಟನ್ ತೈಲ ಭರತದ ನೀರಿನೊಡನೆ ನವಿ ಮುಂಬೈಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ ನುಗ್ಗಿತು.

ಕಾಂಡ್ಲಾ ಗಿಡ ಉಸಿರಾಡುವುದು ಕೆಸರಿನಿಂದ ಮೇಲೆದ್ದ ಬೇರುಗಳ ಸಣ್ಣ ರಂಧ್ರಗಳಿಂದ. ಜಿಗುಟು ಎಣ್ಣೆ ಅವನ್ನು ಮುಚ್ಚಿದರೆ ಗಿಡ ಸಾಯುತ್ತದೆ. ಯಂತ್ರ ಇಳಿಸಿ ಬಾಚುವುದಂತೂ ಇನ್ನೂ ಅಪಾಯ, ಬೇರುಗಳೇ ಮುರಿಯುತ್ತವೆ. ಆಗ ಮುಂಬೈ ಕರಾವಳಿಯಲ್ಲಿ ಟೆರಿ ಸಂಶೋಧನಾ ಸಂಸ್ಥೆಯ ‘ಆಯಿಲ್‌ಝ್ಯಾಪರ್’ ಬಳಸಲಾಯಿತು. ಇದು ಎಣ್ಣೆಯನ್ನೇ ಆಹಾರ ಮಾಡಿಕೊಂಡು ಒಡೆಯುವ ಬ್ಯಾಕ್ಟೀರಿಯಾಗಳ ಮಿಶ್ರಣ.

ಈ ಕಾಡುಗಳಿರುವ ಥಾಣೆ ಖಾಡಿಯ ಕೆಸರು ವರ್ಷವಿಡೀ ಬೆಚ್ಚಗಿರುತ್ತದೆ, ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಕೊರತೆ ಆಮ್ಲಜನಕದ್ದು. ಸ್ವಲ್ಪ ಅಗೆದರೆ ಸಾಕು, ಕಪ್ಪು ಮಣ್ಣು, ಕೊಳೆತ ಮೊಟ್ಟೆಯ ವಾಸನೆ. ಅಷ್ಟು ಆಳಕ್ಕಿಳಿದ ಎಣ್ಣೆ ವರ್ಷಗಟ್ಟಲೆ ಉಳಿಯಬಲ್ಲದು.

ಧ್ರುವ ಪ್ರದೇಶದಲ್ಲಿ ಅಡ್ಡಿ ಚಳಿಯದ್ದು. ಎಣ್ಣೆ ಗಟ್ಟಿಯಾಗುತ್ತದೆ, ನಿಧಾನವಾಗಿ ಆವಿಯಾಗುತ್ತದೆ. ಮಣ್ಣು ಕರಗುವುದು ಬೇಸಿಗೆಯಲ್ಲಿ ಮಾತ್ರ. ಬ್ಯಾಕ್ಟೀರಿಯಾಗಳಿಗೆ ಬೇಕಾದ ಸಾರಜನಕ, ರಂಜಕವೂ ಕಡಿಮೆ. ಆದರೂ ಚಳಿಗೆ ಒಗ್ಗಿದ ಬ್ಯಾಕ್ಟೀರಿಯಾಗಳು ಅಲ್ಲಿವೆ. 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಅಂಟಾರ್ಕ್ಟಿಕಾಕ್ಕೆ ಹೊರಗಿನ ಜೀವಿಗಳನ್ನು ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಹಾಗಾಗಿ ಅಲ್ಲಿರುವ ಆಸ್ಟ್ರೇಲಿಯಾದ ಕೇಸಿ ಸಂಶೋಧನಾ ನಿಲ್ದಾಣದಲ್ಲಿ ಡೀಸೆಲ್ ಬಿದ್ದ ಮಣ್ಣನ್ನು ಗುಡ್ಡೆ ಹಾಕಿ, ಗಾಳಿ, ಗೊಬ್ಬರ ಕೊಟ್ಟು, ಅಲ್ಲಿನ ಬ್ಯಾಕ್ಟೀರಿಯಾಗಳಿಂದಲೇ ಶುದ್ಧ ಮಾಡಿಸಲಾಯಿತು.