ಗುಂಯ್‌ಗುಟ್ಟುವ ಗಿಟಾರಿಗೆ ಗ್ರೌಂಡ್ ತಂತಿ

ಚುಂಚನಕಟ್ಟೆ ಜಾತ್ರೆ, ಗಣೇಶನ ಹಬ್ಬ ಹತ್ತಿರವಾದರೆ ಹುಣಸೂರಿನ ನನ್ನ ರಿಪೇರಿ ಅಂಗಡಿಗೆ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಆರ್ಕೆಸ್ಟ್ರಾ ಹುಡುಗರು ಎಲೆಕ್ಟ್ರಿಕ್ ಗಿಟಾರ್ ತರುತ್ತಾರೆ. ದೂರು ಒಂದೇ: ‘ಅಣ್ಣಾ, ಗುಂಯ್ ಅಂತದೆ.’

ಆ ಸದ್ದು ನಮ್ಮ 50 ಹರ್ಟ್ಸ್ ಕರೆಂಟಿನದು. ತಂತಿಯ ಕಂಪನ ಹಿಡಿಯುವ ಪಿಕಪ್‌ನ ತಾಮ್ರದ ಸುರುಳಿ ನಾದದ ಜೊತೆ ಅದನ್ನೂ ಹಿಡಿಯುತ್ತದೆ. ಯಾವ ಪಿಕಪ್ ಹಾಡಬೇಕೆಂದು ಆರಿಸುವುದು ಟಾಗಲ್ ಸ್ವಿಚ್. ನಡುವೆ ನಿಲ್ಲಿಸಿದರೆ ಎರಡೂ. ಅದರ ಲೋಹದ ಮೈಗೆ ಗ್ರೌಂಡ್ ಇಲ್ಲದಿದ್ದರೆ, ಕಡ್ಡಿ ಮುಟ್ಟಿದಾಗಲೆಲ್ಲ ಗದ್ದಲ.

ಮದ್ದು ಸುಲಭ. ಸ್ವಿಚ್ಚಿನ ಗ್ರೌಂಡ್ ಟ್ಯಾಗಿನಿಂದ ವಾಲ್ಯೂಮ್ ಪಾಟ್‌ನ (ದನಿ ಏರಿಳಿಸುವ ಗುಂಡಿಯ ಕೆಳಗಿನ ಭಾಗ) ಬೆನ್ನಿಗೆ, ಅಲ್ಲಿಂದ ಜ್ಯಾಕಿಗೆ ತಂತಿ. ಪಾಟ್‌ನ ಬೆನ್ನು ಶಾಖ ಕುಡಿಯುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಮೊದಲೇ ತೆಳುವಾಗಿ ಸೋಲ್ಡರ್ ಹಚ್ಚಬೇಕು. 60/40 ಸೋಲ್ಡರ್ ಸುಮಾರು 190 ಡಿಗ್ರಿಗೆ ಕರಗುತ್ತದೆ. ಕಾಯಿಸಬೇಕಾದ್ದು ಲೋಹವನ್ನು, ಸೋಲ್ಡರನ್ನಲ್ಲ. ಆರುವವರೆಗೆ ತಂತಿ ಅಲುಗಬಾರದು. ಮಂಕಾಗಿ ಉಂಡೆಗಟ್ಟಿದರೆ ಬೆಸುಗೆ ಹಿಡಿದಿಲ್ಲವೆಂದೇ ಅರ್ಥ. ಸ್ವಿಚ್ಚಿನ ಟ್ಯಾಗಿನ ಮೇಲಿಂದ ಮಾತ್ರ ಬೇಗ ಕೈ ತೆಗೆಯಿರಿ, ಒಳಗಿನ ಪ್ಲಾಸ್ಟಿಕ್ ಕರಗೀತು.

ಕೊನೆಗೆ ಮಲ್ಟಿಮೀಟರ್: ಸ್ವಿಚ್ಚಿನ ಮೈಯಿಂದ ಜ್ಯಾಕಿನ ಗ್ರೌಂಡ್ ಭಾಗಕ್ಕೆ (ಸ್ಲೀವ್) ಸೊನ್ನೆಯ ಹತ್ತಿರ ಓಮ್ ಬರಬೇಕು. ಗಿಟಾರಿನ ಗ್ರೌಂಡ್ ಸೇರುವುದು ಆಂಪ್ಲಿಫೈಯರ್‌ನ ಅರ್ತ್‌ಗೆ. ಜಾತ್ರೆಯ ವೇದಿಕೆಯಲ್ಲಿ ಅರ್ತ್‌ನ ಮೂರನೇ ಪಿನ್ ಮುರಿದ ಪ್ಲಗ್ ಕಂಡರೆ, ಗಿಟಾರ್ ಮುಟ್ಟುವ ಮೊದಲು ಅದನ್ನು ಬದಲಿಸಿ.